ನೊಣವಿನಕೆರೆಯಿಂದ ಗುಲಾಬಿ ಟಾಕೀಸಿಗೆ

ತಿಪಟೂರು ಸೀಮೆಯವರನ್ನು ಬೆಂಗಳೂರಿನಲ್ಲಿ ಯಾರಾದರೂ ತಡೆದು, "ನಿಮ್ಮ ಕಡೆ ಹೆಸರುವಾಸಿಯಾದದ್ದು ಏನು?" ಎಂದು ಕೇಳಿದರೆ ಉತ್ತರಕ್ಕಾಗಿ ತಡಕಾಡಬೇಕಾಗಿಲ್ಲ. ಕೊಬ್ಬರಿ. "ಹೆಸರುವಾಸಿಯಾದವರು ಯಾರು?" ಎಂದು ಕೇಳಿದರೆ ಮಾತ್ರ ನಾವು ಸ್ವಲ್ಪ ತಡವರಿಸುತ್ತೇವೆ. ಚಿಕ್ಕನಾಯಕನಹಳ್ಳಿಯವರಿಗೆ ಆ ಕಷ್ಟವಿಲ್ಲ; ಅವರ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರ ಹೆಸರು ಹೇಳಿ ಎದೆಯುಬ್ಬಿಸಿ ನಿಲ್ಲುತ್ತಾರೆ. ತುರುವೇಕೆರೆಯವರು ಮನುಷ್ಯರ ಗೊಡವೆಗೇ ಹೋಗದೆ ತಮ್ಮ ಹೊಯ್ಸಳರ ಗುಡಿಗಳನ್ನು ಮುಂದುಮಾಡುತ್ತಾರೆ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ಸಿಕ್ಕುವ ನೊಣವಿನಕೆರೆಯಲ್ಲಿ 1957ರಲ್ಲಿ ಹುಟ್ಟಿದ ಒಬ್ಬ ನಟಿಯ ಹೆಸರನ್ನು ಮಾತ್ರ, ಕನ್ನಡ ನಾಡಿನ ಮಗುವಿಗೂ ಅದು ಗೊತ್ತಿದ್ದ ಕಾಲದಲ್ಲಿಯೂ, ನಾವು ಬಹುವರ್ಷ ಬಾಯಿಬಿಟ್ಟು ಹೇಳಲಿಲ್ಲ.

ಶ್ರೀಮತಿ ಉಮಾಶ್ರೀಯವರ ಮಾತು ಹೇಳುತ್ತಿದ್ದೇನೆ. ಯಾಕೆ ಹೇಳಲಿಲ್ಲವೆಂಬುದಕ್ಕೆ ನಮ್ಮ ಮನೆಯದೇ ಒಂದು ಪ್ರಸಂಗವಿದೆ. 1980ರ ದಶಕದ ಕೊನೆಯ ವರ್ಷಗಳು. ಊರ ಹೊರಗಿನ ಟೆಂಟಿನಲ್ಲಿ ಸಿನಿಮಾ. ದೊಡ್ಡಮ್ಮ, ಚಿಕ್ಕಮ್ಮ, ನಾವು ಹುಡುಗರು, ಎಲ್ಲರೂ ಚಾಪೆ ಹಿಡಿದುಕೊಂಡು ಹೋಗಿದ್ದೆವು. ಉಮಾಶ್ರೀ ತೆರೆಯ ಮೇಲೆ ಬಂದು ಎರಡು ಮಾತು ಆಡಿದ್ದೇ ತಡ, ಗಂಡಸರ ಕಡೆಯಿಂದ ಸಿಳ್ಳೆ, ನಗೆ. ದೊಡ್ಡಮ್ಮ ಚಾಪೆ ಸುತ್ತಿ ಎದ್ದುಬಿಟ್ಟಳು. "ಏಳ್ರೋ, ಮನೆಗೋಗಾನ. ಹೆಂಗಸಾದೋಳು ಆಡೋ ಮಾತೇನೋ ಇದು?" ನಾವು ಎದ್ದೆವು; ಆದರೆ ಬಾಗಿಲ ತನಕ ಹಿಂದಕ್ಕೆ ತಿರುಗಿ ನೋಡುತ್ತಲೇ ನಡೆದೆವು. ಈಗ ಯೋಚಿಸಿದರೆ ನಗು ಬರುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ. ಆ ಮಾತುಗಳನ್ನು ಆಕೆ ಮನೆಯಿಂದ ಕಟ್ಟಿಕೊಂಡು ಬಂದಿರಲಿಲ್ಲ. ಬರೆದವರು ಬೇರೆ, ಬರೆಸಿದವರು ಬೇರೆ, ದುಡ್ಡು ಕೊಟ್ಟು ನಕ್ಕವರು ನಾವು. ಕೆಟ್ಟ ಹೆಸರು ಮಾತ್ರ ಆಡಿದವರ ಪಾಲಿಗೆ.

ಇಲ್ಲಿ ನಮ್ಮ ಜಿಲ್ಲೆಯ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು. ತಿಪಟೂರಿನಿಂದ ಬೆಂಗಳೂರಿಗೆ ಬರುವ ರೈಲು ತುಮಕೂರಿಗೆ ಮೊದಲು ಗುಬ್ಬಿಯನ್ನು ಹಾದು ಬರುತ್ತದೆ. ಆ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ದಕ್ಷಿಣ ಭಾರತಕ್ಕೆಲ್ಲ ಪರಿಚಯಿಸಿದ ವೀರಣ್ಣನವರು ಮೂಲತಃ ಹಾಸ್ಯನಟರು. 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ ಅವರನ್ನು ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಹಾಸ್ಯಗಾರರಿಗೆ ಬಿರುದುಗಳು ಬಂದವು, 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು, 1972ರಲ್ಲಿ ಪದ್ಮಶ್ರೀ ಬಂತು. ಬಂದದ್ದೆಲ್ಲ ನ್ಯಾಯವೇ. ನಗಿಸುವ ಗಂಡಸನ್ನು ಕಂಡರೆ ನಮಗೆ ಪ್ರೀತಿ. ನಗಿಸುವ ಹೆಂಗಸನ್ನು ಕಂಡರೆ ನಗುತ್ತೇವೆ, ಆಮೇಲೆ ಆಕೆಯ ನಡತೆಯನ್ನು ವಿಚಾರಿಸುತ್ತೇವೆ. ಕನ್ನಡ ಚಿತ್ರಗಳಲ್ಲಿ ರಮಾದೇವಿ, ಎಂ. ಎನ್. ಲಕ್ಷ್ಮೀದೇವಿ, ಬಿ. ಜಯ ಇವರೆಲ್ಲ ಎಷ್ಟು ವರ್ಷ ನಮ್ಮನ್ನು ನಗಿಸಿದರು! ನರಸಿಂಹರಾಜು, ಬಾಲಕೃಷ್ಣರ ಎದುರು ನಿಂತು ಸಮಸಮನಾಗಿ ಆಡಿದ ಈ ಹೆಣ್ಣುಮಕ್ಕಳ ಬಗ್ಗೆ ನಾವು ಬರೆದ ಪುಟಗಳೆಷ್ಟು?

ನನ್ನ ಮೆಚ್ಚಿಕೆಯ ಮೊದಲ ನಟಿ ಉಮಾಶ್ರೀ ಅಲ್ಲವೆಂದು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ನನ್ನ ತಲೆಮಾರಿನ ಎಲ್ಲರ ಹಾಗೆ ನಾನೂ ಕಲ್ಪನಾ ಅವರ ಭಕ್ತ. 'ಬೆಳ್ಳಿಮೋಡ', 'ಗೆಜ್ಜೆಪೂಜೆ', 'ಶರಪಂಜರ' ಈ ಮೂರರಲ್ಲಿ ಯಾವುದು ಹೆಚ್ಚು ಎಂದು ಕಾಲೇಜಿನಲ್ಲಿ ಗೆಳೆಯರೊಡನೆ ಜಗಳವಾಡಿದ್ದೇನೆ. 'ಶರಪಂಜರ'ದ ಕಾವೇರಿ ಮಾನಸಿಕ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದಾಗ, ಮನೆಯವರ ಒಂದೊಂದು ನೋಟಕ್ಕೂ ಕಲ್ಪನಾ ಅವರ ಮುಖ ಬದಲಾಗುವ ಬಗೆಯನ್ನು ಎಷ್ಟು ಸಲ ನೋಡಿದರೂ ತಣಿಯಲಿಲ್ಲ. ಆ ಅಭಿನಯಕ್ಕೆ ರಾಜ್ಯ ಪ್ರಶಸ್ತಿ ಬಂತು. ರಾಷ್ಟ್ರದ ಶ್ರೇಷ್ಠನಟಿ ಪ್ರಶಸ್ತಿ ಅವರಿಗೆ ಎಂದೂ ಬರಲಿಲ್ಲ. 1979ರಲ್ಲಿ ಅವರು ತೀರಿಕೊಂಡರು. ಆದ್ದರಿಂದ ಪ್ರಶಸ್ತಿಯೇ ಅಭಿನಯದ ತಕ್ಕಡಿಯೆಂದು ನಾನು ನಂಬಿದವನಲ್ಲ. ಆದರೂ ಕೆಲವು ಸಲ, ನಾವು ನೋಡಿಯೂ ನೋಡದೆ ಬಿಟ್ಟವರ ಕಡೆಗೆ ಅದು ನಮ್ಮ ಮುಖ ತಿರುಗಿಸುತ್ತದೆ.

ಶ್ರೇಷ್ಠನಟಿಗೆ ಕೇಂದ್ರ ಸರ್ಕಾರ ಕೊಡುವ ಈ ಪ್ರಶಸ್ತಿ 1967ರ ಚಿತ್ರಗಳಿಂದ ಆರಂಭವಾಯಿತು. ಮೊದಲು ಪಡೆದವರು 'ರಾತ್ ಔರ್ ದಿನ್' ಚಿತ್ರದ ನರ್ಗಿಸ್. ಆರಂಭದ ವರ್ಷಗಳಲ್ಲಿ ಇದಕ್ಕೆ 'ಊರ್ವಶಿ' ಎಂದು ಹೆಸರಿತ್ತು. ದೇವಲೋಕದ ಅಪ್ಸರೆಯ ಹೆಸರು! ಕನ್ನಡ ಚಿತ್ರಗಳಿಗೆ ಇದು ಬಂದದ್ದು ಮೂರೇ ಸಲ, ಮೂರು ಸಲವೂ ಊರ್ವಶಿಯ ನೆರಳೂ ಸುಳಿಯದ ಪಾತ್ರಗಳಿಗೆ. 1973ರ 'ಕಾಡು' ಚಿತ್ರದಲ್ಲಿ, ಗಂಡ ಪಕ್ಕದೂರಿನ ಹೆಣ್ಣಿನ ಮನೆಗೆ ಹೋಗುವುದನ್ನು ಸಹಿಸಿ ಬೇಯುವ ಗೌಡತಿಯಾಗಿ ನಂದಿನಿ ಭಕ್ತವತ್ಸಲ ಅವರಿಗೆ. 2004ರ 'ಹಸೀನಾ'ದಲ್ಲಿ, ಗಂಡ ಕೈಬಿಟ್ಟ ಮೇಲೆ ಮಸೀದಿಯ ಮುಂದೆ ನ್ಯಾಯ ಕೇಳಿ ಕುಳಿತ ತಾಯಿಯಾಗಿ ತಾರಾ ಅವರಿಗೆ. 2007ರ ಸಾಲಿಗೆ 'ಗುಲಾಬಿ ಟಾಕೀಸ್' ಚಿತ್ರದ ಸೂಲಗಿತ್ತಿಯಾಗಿ ಉಮಾಶ್ರೀ ಅವರಿಗೆ. ಅದು ಪ್ರಕಟವಾದದ್ದು 2009ರಲ್ಲಿ.

ಮೂರೂ ಚಿತ್ರಗಳು ಕನ್ನಡದ ಕಥೆ ಕಾದಂಬರಿಗಳಿಂದ ಎದ್ದುಬಂದವು. 'ಕಾಡು' ಶ್ರೀಕೃಷ್ಣ ಆಲನಹಳ್ಳಿಯವರದು. 'ಹಸೀನಾ'ಕ್ಕೆ ಮೂಲ ನಮ್ಮ ನೆರೆಯ ಹಾಸನದ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು'; 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲೆ ಅವರನ್ನು ಪರಿಚಯಿಸುವ ಅಗತ್ಯವಿಲ್ಲ. 'ಗುಲಾಬಿ ಟಾಕೀಸ್' ವೈದೇಹಿಯವರ ಕಥೆ. 'ಬೆಳ್ಳಿಮೋಡ', 'ಶರಪಂಜರ' ತ್ರಿವೇಣಿಯವರವು, 'ಗೆಜ್ಜೆಪೂಜೆ' ಎಂ. ಕೆ. ಇಂದಿರಾ ಅವರದು ಎಂಬುದನ್ನೂ ಇದಕ್ಕೆ ಸೇರಿಸಿ ನೋಡಿ. ನಮ್ಮ ನಟಿಯರ ಅತ್ಯುತ್ತಮ ಗಳಿಗೆಗಳ ಹಿಂದೆ ಬಹಳ ಸಲ ಒಬ್ಬ ಲೇಖಕಿ ನಿಂತಿದ್ದಾಳೆ. ಸಂಭಾಷಣೆ ಬೇರೆಯಾದರೆ ನಟಿಯೇ ಬೇರೆಯಾಗುತ್ತಾಳೆ.

ಉಮಾಶ್ರೀಯವರ ವಿಷಯದಲ್ಲಂತೂ ಇದಕ್ಕೆ ಪುರಾವೆ ಮೊದಲೇ ಇತ್ತು. ನೋಡಿದವರು ರಂಗಭೂಮಿಯ ಕಡೆಯವರು, ನೋಡದಿದ್ದವರು ನಾವು ಟೆಂಟಿನವರು. ದೇವನೂರ ಮಹಾದೇವರ 'ಒಡಲಾಳ'ವನ್ನು ಸಿ. ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ ಅದರ ಸಾಕವ್ವ ಉಮಾಶ್ರೀ. ಕಳೆದುಹೋದ ತನ್ನ ಹುಂಜವನ್ನು ಹುಡುಕಿ ಅಲೆಯುವ ಮುದುಕಿ, ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕುಳಿತು ತಿನ್ನುವ ಮನೆ, ಬೆಳಗಾದರೆ ಪೊಲೀಸರು. ಹರೆಯದ ನಟಿಯೊಬ್ಬಳು ಆ ಮುದುಕಿಯ ಸೊಂಟ, ಸ್ವರ, ಸಿಟ್ಟು ಎಲ್ಲವನ್ನೂ ಮೈಮೇಲೆ ತಂದುಕೊಂಡಿದ್ದನ್ನು ಕಂಡವರು ಇಂದಿಗೂ ಅದನ್ನೇ ಹೇಳುತ್ತಾರೆ. ನಾನು ಅದನ್ನು ನೋಡಿದ್ದು ತಡವಾಗಿ. ನಾಟಕ ಮುಗಿದ ಮೇಲೆ ಪಕ್ಕದವರನ್ನು ಕೇಳಿದೆ: "ಇವರು ಅದೇ ಉಮಾಶ್ರೀನಾ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇನ್ಯಾವ ಉಮಾಶ್ರೀ ಇದ್ದಾರೆ ಸ್ವಾಮಿ?" ಎಂದರು. ಆ ಪ್ರಶ್ನೆ ಇನ್ನೂ ನನ್ನಲ್ಲಿದೆ.

ಚಿತ್ರರಂಗ ಇನ್ನೊಂದನ್ನು ಬೇಡಿತು. ಕಾಶೀನಾಥರ 'ಅನುಭವ' 1984ರಲ್ಲಿ ಬಂದು ಉಮಾಶ್ರೀಯವರನ್ನು ಮನೆಮನೆಗೆ ಮುಟ್ಟಿಸಿತು. ಕೊಟ್ಟ ಹೆಸರೇ ಕೋಳವೂ ಆಯಿತು. ಎನ್. ಎಸ್. ರಾವ್ ಅವರೊಡನೆ ಜೋಡಿಯಾಗಿ ವರ್ಷಗಟ್ಟಲೆ ಅದೇ ಅಚ್ಚಿನ ಪಾತ್ರಗಳು. ಆ ಪಾತ್ರಗಳನ್ನು ಸಮರ್ಥಿಸಲು ನಾನು ಹೊರಟಿಲ್ಲ. ಹಲವು ಅಗ್ಗದವು, ಕೆಲವು ಅಸಹ್ಯವೂ ಹೌದು. ಆದರೆ ಹಳೆಯ ಚಿತ್ರಗಳನ್ನು ಈಚೆಗೆ ಮತ್ತೆ ನೋಡುವಾಗ ಅವರು ಮಾತು ಎತ್ತಿಕೊಳ್ಳುವ ಹೊತ್ತನ್ನು ಗಮನಿಸಿದೆ. ಎದುರಿನವನ ಮಾತು ಮುಗಿದ ಮೇಲೆ ಅರೆಗಳಿಗೆ ನಿಲ್ಲುತ್ತಾರೆ. ಆ ಅರೆಗಳಿಗೆಯಲ್ಲಿಯೇ ನಗು ಹುಟ್ಟುತ್ತದೆ. ಅದು ಕಲಿತ ವಿದ್ಯೆ. 1995ರ 'ಪುಟ್ನಂಜ'ದಲ್ಲಿ ಅಜ್ಜಿ ಪುಟ್ಮಲ್ಲಿಯಾಗಿ ಬಂದಾಗ, ನಾಯಕ ರವಿಚಂದ್ರನ್ ಅವರಿಗಿಂತ ಅಜ್ಜಿಯನ್ನೇ ನೋಡಲು ಜನ ಹೋದರೆಂದರೆ ಅಭಿಮಾನಿಗಳು ಮುನಿಯಬಾರದು. ಆ ಅಜ್ಜಿಯೊಳಗೆ ಸಾಕವ್ವ ಅಲ್ಲಲ್ಲಿ ಇಣುಕುತ್ತಿದ್ದಳು.

ನಮ್ಮ ಕಡೆ ಮರದಿಂದ ಇಳಿಸಿದ ಕಾಯನ್ನು ಮಟ್ಟೆಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟುಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲುಗಿಸಿದರೆ ಲೊಟಲೊಟ ಎನ್ನಬೇಕು. ಅವಸರಪಟ್ಟು ಒಡೆದರೆ ಅದು ಅಡಿಗೆಯ ಕಾಯಿಯೂ ಅಲ್ಲ, ಉಂಡೆ ಕೊಬ್ಬರಿಯೂ ಅಲ್ಲ. ಉಮಾಶ್ರೀಯವರನ್ನು ಚಿತ್ರರಂಗ ಅಟ್ಟದಲ್ಲಿಟ್ಟದ್ದು ಮಾತ್ರ ಸ್ವಲ್ಪ ಹೆಚ್ಚೇ ಆಯಿತು: 'ಅನುಭವ'ದಿಂದ 'ಗುಲಾಬಿ'ಯವರೆಗೆ ಇಪ್ಪತ್ತಕ್ಕೂ ಮಿಕ್ಕಿ ವರ್ಷ.

ಗಿರೀಶ್ ಕಾಸರವಳ್ಳಿಯವರು ವೈದೇಹಿಯವರ ಕಥೆಯನ್ನು ಇದ್ದಂತೆಯೇ ಚಿತ್ರಿಸಲಿಲ್ಲ. ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಚಿತ್ರದಲ್ಲಿ ಬರುವುದು ಡಿಷ್ ಆಂಟೆನಾದ ಬಣ್ಣದ ಟಿ.ವಿ. ಕುಂದಾಪುರದ ಕಡೆಯ ಮೀನುಗಾರರ ಕುದುರು, ಕಾರ್ಗಿಲ್ ಯುದ್ಧದ ಕಾಲ. ಗಂಡ ಮೂಸಾ ಬೇರೆ ಸಂಸಾರ ಹೂಡಿದ್ದಾನೆ. ಒಂಟಿ ಹೆಂಗಸು ಗುಲಾಬಿಗೆ ಇರುವ ಒಂದೇ ಹುಚ್ಚು ಸಿನಿಮಾ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಬಂದ ಟಿ.ವಿ.ಯ ಮುಂದೆ ಊರ ಹೆಂಗಸರು ಆಕೆಯ ಗುಡಿಸಲಲ್ಲಿ ಸೇರುತ್ತಾರೆ. ಮುಸಲ್ಮಾನರ ಮನೆಯೆಂದು ಒಳಗೆ ಬರಲು ಹಿಂಜರಿದು ಹೊರಗೇ ನಿಂತವರೂ ಉಂಟು. ಕಡೆಗೆ ಕಡಲ ಮೇಲಿನ ಪೈಪೋಟಿ ಮತದ ಜಗಳದ ವೇಷ ತೊಟ್ಟು ಬಂದಾಗ ಮೊದಲು ಊರು ಬಿಡಬೇಕಾದವಳು ಗುಲಾಬಿ.

ನನ್ನಂಥ ಸಿನಿಮಾ ಹುಚ್ಚನಿಗೆ ಈ ಚಿತ್ರದಲ್ಲಿ ಒಂದು ವಿಶೇಷ ಸುಖವಿದೆ. ಇಲ್ಲಿ ನಟಿಯೇ ಪ್ರೇಕ್ಷಕಳು. ಜೀವಮಾನವೆಲ್ಲ ನೋಡಿಸಿಕೊಂಡ, ಸಿಳ್ಳೆ ಹೊಡೆಸಿಕೊಂಡ ಮುಖ ಈಗ ತಾನೇ ತೆರೆಯನ್ನು ನೋಡುತ್ತ ಕುಳಿತಿದೆ. ಉಮಾಶ್ರೀ ಅಲ್ಲಿ ಹೆಚ್ಚೇನೂ ಮಾಡುವುದಿಲ್ಲ. ತೆಂಗಿನ ಸೀಮೆಯ ನಾಲಗೆಯನ್ನು ಕುಂದಾಪುರದ ಕನ್ನಡಕ್ಕೆ ಬಗ್ಗಿಸಿ ಸಣ್ಣ ದನಿಯಲ್ಲಿ ಮಾತಾಡುತ್ತಾರೆ. ಹಿಂದೆ ನಗು ಹುಟ್ಟಿಸುತ್ತಿದ್ದ ಆ ಅರೆಗಳಿಗೆಯ ನಿಲುಗಡೆ ಇಲ್ಲಿಯೂ ಇದೆ. ಈ ಸಲ ಯಾರೂ ನಗುವುದಿಲ್ಲ.

ಆಮೇಲಿನದು ಎಲ್ಲರೂ ಬಲ್ಲದ್ದು. 2013ರಲ್ಲಿ ತೇರದಾಳದಿಂದ ಗೆದ್ದು ಮಂತ್ರಿಯಾದರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನೂ ನೋಡಿಕೊಂಡರು. ರಾಜಕೀಯ ನನಗೆ ತಿಳಿಯದು, ಬಿಡುತ್ತೇನೆ. 2021ರ ಡಿಸೆಂಬರಿನಲ್ಲಿ ಟಿ.ವಿ.ಯಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು. ಗಂಡ ಬಿಟ್ಟ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕ ಉಮಾಶ್ರೀ.

ಆ ದಿನಗಳಲ್ಲೊಮ್ಮೆ ಊರಿಗೆ ಹೋಗಿದ್ದೆ. ಸಂಜೆ ದೀಪ ಹಚ್ಚಿದ ಮೇಲೆ ಟಿ.ವಿ. ಮುಂದೆ ದೊಡ್ಡಮ್ಮ. ಎಂಬತ್ತು ದಾಟಿದೆ, ಕಿವಿ ಮಂದ, ಸದ್ದು ಜೋರು. ನಾನು ಏನೋ ಹೇಳಲು ಹೋದರೆ ಕೈ ಎತ್ತಿ ಸುಮ್ಮನಿರಿಸಿದಳು. ನಡುವೆ ಜಾಹೀರಾತು ಬಂದಾಗ ನನ್ನ ಕಡೆ ತಿರುಗಿ, ನನಗೆ ಗೊತ್ತೇ ಇಲ್ಲವೆಂಬಂತೆ ಹೇಳಿದಳು: "ಆ ಯಮ್ಮ ನಮ್ಮ ನೊಣವಿನಕೆರೆಯೋಳು ಕಣಪ್ಪಾ."