ಕಾಗದದಿಂದ ಅಟ್ಟದವರೆಗೆ: ರಾಜಕಾರಣದ ಅಧ್ಯಯನ ಬಂದ ದಾರಿ

ತುಮಕೂರು ಸೀಮೆಯ ಕೆಂಕೆರೆ ಕಡೆ ಅಟ್ಟಕ್ಕೇರಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಅದರ ಬೆಂಬಲ ಬೆಲೆ ನಿಗದಿಯಾಗುವುದು ಮಾತ್ರ ದೆಹಲಿಯಲ್ಲಿ. 2024ರ ಹಂಗಾಮಿಗೆ ಕ್ವಿಂಟಾಲಿಗೆ 12,000 ರೂಪಾಯಿ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಂಪುಟ ಒಪ್ಪುತ್ತದೆ. ಪಠ್ಯಪುಸ್ತಕ ಇಷ್ಟು ಹೇಳುತ್ತದೆ. ನಡುವೆ ಯಾರು ಯಾರ ಬಾಗಿಲು ತಟ್ಟಿದರು, ಯಾರ ಮಾತು ನಡೆಯಿತು ಎಂಬುದು ಬೇರೆಯೇ ಕಥೆ. ಸರ್ಕಾರವನ್ನು ಓದುವ ಶಾಸ್ತ್ರ ಮೊದಲನೆಯದರಿಂದ ಎರಡನೆಯದರ ಕಡೆಗೆ ಬಂದಿದೆ, ಕುಂಟುತ್ತಲೇ.

ಅಮೆರಿಕದಲ್ಲಿ ಇದು ಬೇಗ ಶುರುವಾಯಿತು. 1885ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ವುಡ್ರೋ ವಿಲ್ಸನ್, ಸಂವಿಧಾನದಲ್ಲಿ ಏನೇ ಇರಲಿ, ನಿಜವಾಗಿ ಆಳುತ್ತಿರುವುದು ಕಾಂಗ್ರೆಸ್ಸಿನ ಸಮಿತಿಗಳು ಎಂದು ಬರೆದರು. ರಾಬರ್ಟ್ ಡಾಲ್ ನ್ಯೂ ಹೇವನ್ ಎಂಬ ಒಂದೇ ಊರು ಹಿಡಿದು, ಇಲ್ಲಿ ಆಳುವವರು ಯಾರು ಎಂದು ಕೇಳಿದ ಪುಸ್ತಕ ಬಂದದ್ದು 1961ರಲ್ಲಿ.

ಅಷ್ಟರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಈ ಪ್ರಶ್ನೆ ಎದ್ದಾಗಿತ್ತು. 1881ರ ಪ್ರಜಾಪ್ರತಿನಿಧಿ ಸಭೆಯಿಂದ ಮೊದಲುಗೊಂಡು ಸಂಸ್ಥಾನದಲ್ಲಿ ನಡಾವಳಿ, ವರದಿಗಳಿಗೆ ಬರವಿರಲಿಲ್ಲ. ಊರೊಳಗೆ ಯಾರ ಮಾತು ನಡೆಯುತ್ತದೆ ಎಂಬುದು ಅವುಗಳಲ್ಲಿ ಸಿಗುವುದು ಕಷ್ಟ. 1948ರಲ್ಲಿ ಎಂ.ಎನ್. ಶ್ರೀನಿವಾಸ್ ಕೊಡಗಹಳ್ಳಿಯಲ್ಲಿ ಬೀಡುಬಿಟ್ಟರು. ಬರಹಗಳಲ್ಲಿ ಆ ಊರಿಗೆ ಅವರಿಟ್ಟ ಹೆಸರು ರಾಂಪುರ. ಅವರು ರಾಜ್ಯಶಾಸ್ತ್ರಜ್ಞರಲ್ಲ, ಮಾನವಶಾಸ್ತ್ರಜ್ಞರು. ಆದರೂ ‘ವೋಟ್ ಬ್ಯಾಂಕ್’ ಎಂಬ ಮಾತು ಬಂದದ್ದು ಅವರ 1955ರ ಪ್ರಬಂಧದಿಂದ. ಇವತ್ತು ಟೀವಿಯಲ್ಲಿ ಒಂದು ಸಮುದಾಯವನ್ನು ಹಂಗಿಸಲು ಬಳಸುವ ಅರ್ಥ ಅದಕ್ಕಿರಲಿಲ್ಲ. ಸಾಲ ಕೊಟ್ಟ, ಗದ್ದೆ ಗುತ್ತಿಗೆಗೆ ಕೊಟ್ಟ ಯಜಮಾನ ತನ್ನ ಹಂಗಿನಲ್ಲಿರುವವರ ಮತಗಳನ್ನು ಒಟ್ಟಾಗಿ ಪಕ್ಷಕ್ಕೆ ಒಪ್ಪಿಸಿ, ಬದಲಿಗೆ ತನ್ನ ಕೆಲಸ ಮಾಡಿಸಿಕೊಳ್ಳುವುದು ಅವರು ಕಂಡದ್ದು. ಮಾತು ಉಳಿಯಿತು, ಯಜಮಾನ ಮರೆಯಾದ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಅವರು ವಿಂಗಡಿಸಿಟ್ಟ ಟಿಪ್ಪಣಿಗಳು ಸುಟ್ಟವು. ನೆನಪನ್ನೇ ನೆಚ್ಚಿ ಬರೆದ ರಾಂಪುರದ ಪುಸ್ತಕ 1976ರಲ್ಲಿ ಬಂತು.

ಮುಂದಿನವರು ಹಳ್ಳಿಯಿಂದ ಮೇಲಕ್ಕೆ ಹತ್ತಿದರು. ಮೈರನ್ ವೀನರ್ 1967ರ ಪುಸ್ತಕಕ್ಕೆ ಆರಿಸಿಕೊಂಡ ಕಾಂಗ್ರೆಸ್ ಪಕ್ಷದ ಘಟಕಗಳಲ್ಲಿ ಬೆಳಗಾವಿಯದೂ ಒಂದು. ಜೇಮ್ಸ್ ಮೇನರ್ 1977ರಲ್ಲಿ ಹಳೆ ಮೈಸೂರಿನ 1917ರಿಂದ 1955ರವರೆಗಿನ ರಾಜಕಾರಣ ಬರೆದರು. ಸಂಸ್ಥಾನದ ಮಟ್ಟದ ರಾಜಕೀಯಕ್ಕೂ ಹಳ್ಳಿಯದಕ್ಕೂ ಬಹುಕಾಲ ನಂಟು ತೆಳುವಾಗಿತ್ತೆಂಬುದು ಅವರ ವಾದ. ದೇವರಾಜ ಅರಸು ಮುಖ್ಯಮಂತ್ರಿಯಾಗಿ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು: ಪ್ರಬಲ ಜಾತಿಗಳ ಹಿಡಿತ ಸಡಿಲಿಸಿಯೂ ಗೆಲ್ಲುವುದು ಹೇಗೆ?

ನನಗೆ ಇನ್ನೂ ಆಸೆ ಹುಟ್ಟಿಸುವುದು ರಿಚರ್ಡ್ ಫೆನ್ನೊ. ಅಮೆರಿಕದ ಸಂಸತ್ತಿನ 18 ಸದಸ್ಯರ ಬೆನ್ನಿಗೆ ಬಿದ್ದು, ಅವರವರ ಕ್ಷೇತ್ರಗಳಲ್ಲಿ ತಿರುಗಿ 1978ರಲ್ಲಿ ಪುಸ್ತಕ ಬರೆದರು. ತುಮಕೂರು ಕ್ಷೇತ್ರದಲ್ಲಿ ಹಾಗೆ ತಿರುಗುವವರು ತಿಪಟೂರು ಮಾರುಕಟ್ಟೆಯ ಹರಾಜು ನೋಡಬೇಕು, ಬೆಂಬಲ ಬೆಲೆಯ ನಾಫೆಡ್ ಖರೀದಿಗೆ ಹೆಸರು ಬರೆಸಲು ನಿಂತ ಸಾಲು ನೋಡಬೇಕು. ಆಮೇಲೆ ಕೆಂಕೆರೆಗೆ ಬಂದು, ಕೊಬ್ಬರಿ ಈಗಲೇ ಇಳಿಸಬೇಕೋ ಇನ್ನೊಂದು ತಿಂಗಳು ತಡೆಯಬೇಕೋ ಎಂದು ಅಟ್ಟ ನೋಡುತ್ತ ನಿಂತವರನ್ನು ಮಾತಾಡಿಸಬೇಕು.