ಕಲ್ಲಣಬೆಯ ನೆಲ

1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ವೇಣೂರಿನ ಮಾರ್ಗವಾಗಿ ಮೂಡುಬಿದಿರೆಗೆ ಬಂದ. ಟಿಪ್ಪುವಿನ ಪತನಾನಂತರ ಹೊಸ ಸೀಮೆಯ ಬೆಳೆ, ಮರ, ಜನಜೀವನಗಳನ್ನು ಬರೆದು ತರಲು ಕಂಪೆನಿ ಸರಕಾರ ಕಳುಹಿಸಿದ ವೈದ್ಯ ಆತ, ಸಸ್ಯಶಾಸ್ತ್ರದಲ್ಲಿಯೂ ಪಳಗಿದವನು. ಇಂದು ಅದೇ ದಾರಿ ಹಿಡಿದರೆ ಗುಡ್ಡಗಳ ಮೇಲೆ ಎದುರಾಗುವ ಅಕೇಶಿಯಾವನ್ನು ಅವನು ಇಲ್ಲಿ ಕಂಡಿರಲಾರ.

ಪರದೇಶದ ಮರಗಳು ನಮಗೆ ಹೊಸತಲ್ಲ. ಪೋರ್ಚುಗೀಸರು ತಂದ ಗೇರುಮರವನ್ನು ಪರಕೀಯವೆಂದರೆ ನಮ್ಮ ಅಜ್ಜಿಯಂದಿರು ನಕ್ಕಾರು. 1868ರ ಸುಮಾರಿಗೆ ಕಾರವಾರದಲ್ಲಿ ನೆಟ್ಟ ಗಾಳಿಮರವೂ ಕಡಲತೀರಕ್ಕೆ ಒಗ್ಗಿಕೊಂಡಿತು. ಆಸ್ಟ್ರೇಲಿಯಾ, ನ್ಯೂಗಿನಿಗಳ ಅಕೇಶಿಯಾವಾದರೋ 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯೊಡನೆ ಗುಡ್ಡಕ್ಕೆ ಗುಡ್ಡವನ್ನೇ ಆವರಿಸಿತು. ಸೌದೆಗೆ ಬರ, ಬೋಳು ಮುರಕಲ್ಲು; ಬೇಗ ಹಸಿರಾಗುವ ಮರ ಬೇಕಾಗಿತ್ತು. ಅಂದು ಅದನ್ನು ಮೆಚ್ಚಿದವರಲ್ಲಿ ನಾನೂ ಒಬ್ಬ.

ಬೋಳುಗುಡ್ಡದಲ್ಲಿ ಅದು ಬದುಕಿದ ಗುಟ್ಟು ನೆಲದೊಳಗಿದೆ. ಅದರ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಮರಕ್ಕೆ ಉಣಿಸುತ್ತವೆ. ನಮ್ಮ ಕಿರಾಲ್‌ಬೋಗಿಯ ಒಡನಾಟ ಬೇರೆ. ಮುರಮಣ್ಣಿನ ಕಬ್ಬಿಣವು ರಂಜಕವನ್ನು ಬಿಗಿಹಿಡಿದಿರುತ್ತದೆ. ಬೋಗಿಯ ಬೇರನ್ನು ಹೊದಿಕೆಯಂತೆ ಸುತ್ತಿಕೊಂಡ ಶಿಲೀಂಧ್ರದ ಎಳೆಗಳು ಅದನ್ನು ಹೀರಿ ತಂದುಕೊಡುತ್ತವೆ. ಮರವು ಪ್ರತಿಯಾಗಿ ಸಕ್ಕರೆ ಕೊಡುತ್ತದೆ. ಜರ್ಮನಿಯ ಫ್ರಾಂಕ್ 1885ರಲ್ಲಿ ಇಂಥ ಸಂಬಂಧಕ್ಕೆ ಮೈಕೊರೈಜಾ ಎಂದು ಹೆಸರಿಟ್ಟ. ಆ ಹೆಸರು ಕೇಳದ ನಮ್ಮವರಿಗೂ ಅದರ ರುಚಿ ಗೊತ್ತಿತ್ತು. ಮುಂಗಾರಿನ ಗುಡುಗಿಗೆ ನೆಲ ಬಿರಿದು ಬರುವ ಗುಂಡನೆಯ ಕಲ್ಲಣಬೆ, ತುಳುವಿನ ಕಲ್ಲಲಂಬು, ಇಂಥದೊಂದು ಶಿಲೀಂಧ್ರದ ಫಲ.

ಬಾಲ್ಯದಲ್ಲಿ ಅಜ್ಜಿಯ ಹಿಂದೆ ಹೋಗಿ ಕಲ್ಲಣಬೆ ಹೆಕ್ಕುತ್ತಿದ್ದ ಗುಡ್ಡಕ್ಕೆ ಕಳೆದ ಮಳೆಗಾಲ ಮತ್ತೆ ಹೋದೆ. ಪಾದ ಮುಳುಗುವಷ್ಟು ಅಕೇಶಿಯಾದ ತರಗು. ನಾವು ಎಲೆಯೆನ್ನುವುದು ವಾಸ್ತವವಾಗಿ ಅಗಲಗೊಂಡ ತೊಟ್ಟು; ಬಿರುಸು, ಕೊಳೆಯಲು ನಿಧಾನ. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳ ಬಳಗವೂ ಹಳೆಯ ಕಾಡಿನದಲ್ಲ. ಕೋಲಿನಿಂದ ಕೆದಕಿ ಕೆದಕಿ ನೋಡಿದೆ. ಒಂದು ಕಲ್ಲಣಬೆಯೂ ಸಿಗಲಿಲ್ಲ.

ಅಪರಾಧವೆಲ್ಲ ಅಕೇಶಿಯಾದ್ದೆನ್ನಲು ನನಗೆ ಬಾಯಿ ಬಾರದು. ಅದು ಬರುವ ಮೊದಲೇ ಬೋಗಿಗಳು ಉರುಳಿದ್ದವು. ಅವುಗಳಲ್ಲಿ ಎರಡು ನಮ್ಮ ಮನೆಯ ಚಾವಡಿಯ ಕಂಬಗಳಾಗಿವೆ. ಮರ ಹೋದ ಮೇಲೆ ಅದರ ಬೇರನ್ನೇ ನಂಬಿದ ಶಿಲೀಂಧ್ರಕ್ಕೆ ಅನ್ನವೆಲ್ಲಿ? ಹೊಸ ಮರ ನೆಟ್ಟವರೂ ಹಳೆಯದನ್ನು ಕಡಿದವರೂ ಮೇಲಿನ ಹಸಿರನ್ನಷ್ಟೇ ಲೆಕ್ಕ ಹಾಕಿದೆವು.

ಹಿಂದಿರುಗುವಾಗ ಮೂಡುಬಿದಿರೆಯ ಪೇಟೆಯಲ್ಲಿ ಅರ್ಧ ಸೇರು ಕಲ್ಲಣಬೆ ಕೊಂಡೆ. ಯಾವ ಗುಡ್ಡದ್ದೆಂದು ಕೇಳಿದರೆ ಮಾರುವಾಕೆ ನಕ್ಕಳೇ ಹೊರತು ಹೇಳಲಿಲ್ಲ.