ಮನೆ ತೊರೆದ ಪತ್ನಿಗೂ ಉಂಟು ವಾಸದ ಹಕ್ಕು

ಪತಿಯ ಹಿಂಸೆ ತಾಳಲಾರದೆ ರಾತ್ರೋರಾತ್ರಿ ತವರು ಸೇರಿದ ಮಹಿಳೆಗೆ ಸ್ವಂತ ಬಂಧುಗಳೇ ಹೇಳುವ ಮಾತೊಂದಿದೆ: ಹೊಸ್ತಿಲು ದಾಟಿದ ಮೇಲೆ ಆ ಮನೆಯ ಆಸೆ ಬಿಡಬೇಕು. ಕಾನೂನು ಹಾಗೆನ್ನುವುದಿಲ್ಲ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ, ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಕಾಯ್ದೆಯ 17ನೇ ಕಲಂ, ದಂಪತಿ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಪತ್ನಿಗೆ ನೀಡಿದೆ. ಮನೆಪತ್ರದಲ್ಲಿ ಆಕೆಯ ಹೆಸರಿರಬೇಕಿಲ್ಲ. ಬಾಡಿಗೆ ಮನೆಯಾದರೂ ಆದೀತು. ಆದರೆ ಇದು ವಾಸದ ಹಕ್ಕು ಮಾತ್ರ, ಒಡೆತನವಲ್ಲ.

ಮನೆ ಅತ್ತೆ ಅಥವಾ ಮಾವನ ಹೆಸರಿನಲ್ಲಿದ್ದರೆ? ಬಹುಪಾಲು ವ್ಯಾಜ್ಯಗಳ ಗಂಟು ಇರುವುದು ಇಲ್ಲಿಯೇ. ಅಂಥ ಮನೆಯಲ್ಲಿ ಸೊಸೆಗೆ ಹಕ್ಕಿಲ್ಲವೆಂದು 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ನೀಡಿದ್ದ ತೀರ್ಪು ಸುಮಾರು 14 ವರ್ಷ ಅನೇಕರ ದಾರಿಗೆ ಅಡ್ಡವಾಗಿತ್ತು. 2020ರ ಅಕ್ಟೋಬರ್ 15ರಂದು ತ್ರಿಸದಸ್ಯ ಪೀಠ ಆ ವ್ಯಾಖ್ಯಾನವನ್ನು ತಳ್ಳಿಹಾಕಿತು. ಹಾಗೆಂದು ಸೊಸೆಯ ಹಕ್ಕು ನಿರಪೇಕ್ಷವೇನಲ್ಲ, ವೃದ್ಧರ ನೆಮ್ಮದಿಯನ್ನೂ ತೂಗಿ ನೋಡಬೇಕೆಂದು ಅದೇ ಪೀಠ ಹೇಳಿತು.

ಅದೇ ವರ್ಷದ ಡಿಸೆಂಬರ್ 15ರ ತೀರ್ಪು ಬೆಂಗಳೂರಿನದೇ ಪ್ರಕರಣ. ಪತಿ ಕೊಂಡಿದ್ದ ಆಸ್ತಿ ತಂದೆಗೆ ಮಾರಾಟವಾಗಿ, ಅನಂತರ ತಾಯಿಗೆ ದಾನವಾಗಿತ್ತು. ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಸೊಸೆಯನ್ನು ತೆರವುಗೊಳಿಸಲು ಉಪವಿಭಾಗಾಧಿಕಾರಿ ಆದೇಶಿಸಿದ್ದರು. ಹೈಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಒಂದು ಕಾಯ್ದೆಯನ್ನು ಅಸ್ತ್ರವಾಗಿಸಿ ಇನ್ನೊಂದು ಕಾಯ್ದೆ ಕೊಟ್ಟ ಹಕ್ಕನ್ನು ಕಸಿಯಲಾಗದೆಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಅರ್ಜಿ ಸಲ್ಲಿಸುವಾಗ ಮಹಿಳೆ ಆ ಮನೆಯಲ್ಲಿಯೇ ವಾಸವಿರಬೇಕಿಲ್ಲ ಎಂಬುದನ್ನು 2022ರ ಮೇ 12ರ ತೀರ್ಪು ಸ್ಪಷ್ಟಪಡಿಸಿತು.

19ನೇ ಕಲಮಿನಡಿ ಮ್ಯಾಜಿಸ್ಟ್ರೇಟರು, ಮನೆಯನ್ನು ಮಾರದಂತೆ, ಪರಭಾರೆ ಮಾಡದಂತೆ ಪತಿಯನ್ನು ತಡೆಯಬಹುದು. ಆತನೇ ಮನೆಯಿಂದ ಹೊರನಡೆಯುವಂತೆಯೂ ಆದೇಶಿಸಬಹುದು. ಮರಳಿ ಒಂದೇ ಸೂರಿನಡಿ ಇರುವುದು ಅಪಾಯವೆನಿಸಿದರೆ ಅದೇ ಮಟ್ಟದ ಬೇರೆ ಮನೆ ಒದಗಿಸಲು ಇಲ್ಲವೇ ಬಾಡಿಗೆ ಭರಿಸಲು ಸೂಚಿಸಬಹುದು. ಅನೇಕರಿಗೆ ಕಾರ್ಯಸಾಧ್ಯವಾದ ಪರಿಹಾರ ಇದೇ. ಸ್ತ್ರೀಧನದ ವಾಪಸಾತಿಗೂ ಅವಕಾಶವಿದೆ. ಬ್ಯಾಂಕ್ ಲಾಕರ್‌ ಪತಿ ಬಳಸದಂತೆ ತಡೆ ಕೋರುವುದನ್ನು ಮಾತ್ರ ಮರೆಯಬಾರದು. ಚಿನ್ನ ಕೈತಪ್ಪಿದ ಮೇಲೆ ಆದೇಶ ಕಾಗದದಲ್ಲೇ ಉಳಿದೀತು.

ಅರ್ಜಿಗಾಗಿ ಗಂಡನ ಊರಿಗೆ ಹೋಗಬೇಕಿಲ್ಲ. ಆಶ್ರಯ ಪಡೆದ ಊರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯವೂ ಅದನ್ನು ಸ್ವೀಕರಿಸಬೇಕು. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದು. ಅರ್ಜಿ ಬರೆಸಲು, ವರದಿ ಸಲ್ಲಿಸಲು ಅವರು ನೆರವಾಗಬೇಕು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ವಕೀಲರು ದೊರೆಯುತ್ತಾರೆ. ಸಹಾಯವಾಣಿ 181.

ಅರ್ಜಿಯನ್ನು 60 ದಿನಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ನ್ಯಾಯಾಲಯಗಳ ಕ್ಯಾಲೆಂಡರ್ ಬೇರೆಯೇ. ಆದ್ದರಿಂದ 23ನೇ ಕಲಮಿನಡಿ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೋರುವುದು ಜಾಣತನ. ಆದೇಶದ ಪ್ರತಿ ಉಚಿತವಾಗಿ ಸಿಗುತ್ತದೆ, ಠಾಣೆಗೂ ಹೋಗುತ್ತದೆ. ರಕ್ಷಣಾ ಆದೇಶವನ್ನು ಉಲ್ಲಂಘಿಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.